ಮಾಳಾದ ಮೇಲಿನ ನಾಕು ಟಾಕಿ

ಅಡುಗೆ ಗ್ಯಾಸಿಗೆ ತನ್ನದೇ ಆದ ವಾಸನೆ ಇಲ್ಲ. ಹೀಗೆಂದರೆ ಯಾರೂ ನಂಬುವುದಿಲ್ಲ, ನನ್ನ ಹೆಂಡತಿಯೂ ನಂಬಿರಲಿಲ್ಲ. ಕೊಳೆತ ಉಳ್ಳಾಗಡ್ಡಿಯಂಥ ಆ ನಾತವನ್ನು ಆಮೇಲೆ ಬೆರೆಸುತ್ತಾರೆ. ಎಲ್ಲಿಯಾದರೂ ಸೋರಿದರೆ ಜನಕ್ಕೆ ಸಂಶಯ ಬರಲಿ ಎಂಬುದಷ್ಟೇ ಅದರ ಕೆಲಸ. ಮುಂಬಯಿಯ ಗೋರೆಗಾಂವಿನ ಒಂದು ಗ್ಯಾಸ್ ಏಜೆನ್ಸಿಯ ಬುಕಿಂಗ್ ಕೌಂಟರಿನಲ್ಲಿ ಇಪ್ಪತ್ತಾರು ವರ್ಷ ಕೂತು ನಾನೂ ಹೆಚ್ಚುಕಡಿಮೆ ಅದೇ ಕೆಲಸ ಮಾಡಿದೆ.

ಹೋದ ವಾರ ಕಣ್ಣು ತೋರಿಸಲು ಗೋರೆಗಾಂವ್ ಪೂರ್ವಕ್ಕೆ ಹೋಗಿದ್ದೆ. ನಿವೃತ್ತನಾದ ಮೇಲೆ ಆ ಕಡೆ ಕಾಲಿಟ್ಟಿರಲಿಲ್ಲ. ಹೈವೇಗೆ ಹತ್ತಿದ ಚಾಳಿನ ಮುಂದೆ ರಸ್ತೆ ಅಗೆದು ಪೈಪ್ ಗ್ಯಾಸಿನ ಹಳದಿ ಕೊಳವೆ ದುರಸ್ತಿ ಮಾಡುತ್ತಿದ್ದರು. ಅಲ್ಲಿಗೆ ಬರುತ್ತಲೇ ಆ ನಾತ ಮೂಗಿಗೆ ಬಡಿಯಿತು. ಹೋಗುವವರು ಬರುವವರು ನಿಂತು ಮೂಗರಳಿಸಿದರು. ಗುಂಡಿಯೊಳಗಿದ್ದ ಕೆಲಸಗಾರ ತಲೆಯೆತ್ತದೆ “ಕುಛ್ ನಹೀ ಹೈ, ಚಲೋ ಚಲೋ” ಎಂದ. ಏನೂ ಇಲ್ಲ ಎನ್ನುವವನನ್ನು ನಾನು ಯಾವತ್ತೂ ನಂಬಿದವನಲ್ಲ. ಆದರೆ ಅವತ್ತು ನನ್ನ ಕಾಲು ಅಲ್ಲೇ ನಿಂತದ್ದು ಗ್ಯಾಸಿನ ಹೆದರಿಕೆಗಲ್ಲ. ಗುಂಡಿಯ ಆಚೆಗೆ ನೀಲವ್ವನ ಖಾನಾವಳಿಯ ಬಾಗಿಲು ತೆರೆದಿತ್ತು. ಎರಡು ವರ್ಷದ ಹಿಂದಿನ ಬೇಸಿಗೆ ಇಡಿಯಾಗಿ ಎದುರು ಬಂದು ನಿಂತಿತು.

ಆ ಬೇಸಿಗೆಯಲ್ಲಿ ಕೊಲ್ಲಿಯ ಕಡೆ ಯಾರಿಗೋ ಯಾರ ಜೊತೆಗೋ ಜಗಳ ಹತ್ತಿ ಹಡಗುಗಳು ನಿಂತವು. ಯಾರದು ತಪ್ಪು ಎಂಬುದು ಟೀವಿಯಲ್ಲಿ ದಿನಕ್ಕೊಂದು ಥರ ಇರುತ್ತಿತ್ತು. ನನಗೆ ಗೊತ್ತಾದದ್ದು ಇಷ್ಟೇ: ದಿನಕ್ಕೆ ಎರಡು ಲಾರಿ ಬರುತ್ತಿದ್ದ ನಮ್ಮ ಗೋದಾಮಿಗೆ ಒಂದು ಲಾರಿ ಬರತೊಡಗಿತು, ಆಮೇಲೆ ದಿನ ಬಿಟ್ಟು ದಿನ. ಮನೆಗಳ ಕೆಂಪು ಸಿಲಿಂಡರು ತಡವಾಗಿಯಾದರೂ ಸಿಗುತ್ತಿತ್ತು. ಹೋಟೆಲು, ಖಾನಾವಳಿಗಳ ದೊಡ್ಡ ನೀಲಿ ಸಿಲಿಂಡರು ಮಾತ್ರ ಪೂರ್ತಿ ನಿಂತೇಹೋಯಿತು. ಒಂದು ಭಾನುವಾರ ಗ್ರಾಂಟ್ ರೋಡಿಗೆ ಹೋದಾಗ ಹಳೆಯ ಉಡುಪಿ ಹೋಟೆಲೊಂದರ ಬಾಗಿಲಿಗೆ ‘ದೋಸೆ ಇಲ್ಲ’ ಎಂಬ ರಟ್ಟು ತೂಗಿತ್ತು. ಈ ಊರಲ್ಲಿ ಪ್ರವಾಹ ನೋಡಿದ್ದೇನೆ, ಬಂದ್ ನೋಡಿದ್ದೇನೆ. ಹೆದರಿಕೆಯಾದದ್ದು ಆ ರಟ್ಟು ನೋಡಿ. ಒಲೆ ನಮ್ಮ ಮನೆಯಲ್ಲಿದ್ದರೂ ಬೆಂಕಿ ಬೇರೆ ಯಾರದೋ ಕೈಯಲ್ಲಿದೆ ಎಂಬುದು ಆ ಉದ್ಯೋಗದಲ್ಲಿ ಅಷ್ಟು ವರ್ಷ ಕೂತರೂ ನನಗೆ ಹೊಳೆದಿರಲಿಲ್ಲ.

ಗ್ಯಾಸು ಕಡಿಮೆಯಾದಂತೆ ಸಂಶಯ ಹೆಚ್ಚಾಯಿತು. ಹೆಂಗಸರು ಒದ್ದೆ ಅರಿವೆಯಿಂದ ಸಿಲಿಂಡರು ಒರೆಸಿ, ಎಲ್ಲಿಯವರೆಗೆ ಬೇಗ ಆರುತ್ತದೆ ಎಂದು ನೋಡಿ ಒಳಗೆಷ್ಟು ಉಳಿದಿದೆ ಎಂದು ಲೆಕ್ಕ ಹಾಕುತ್ತಿದ್ದರು. ಚಾಳುಗಳಲ್ಲಿ ಖಾಲಿ ಸಿಲಿಂಡರಿಗೂ ಸರಪಳಿ ಬಿತ್ತು. ತೂಕದ ಕೊಕ್ಕೆ ಹಿಡಿದು ಬಾಗಿಲಲ್ಲಿ ನಿಂತವರು ಡಿಲಿವರಿಯವನನ್ನು ಕಳ್ಳನೆಂದೇ ಮಾತಾಡಿಸುತ್ತಿದ್ದರು. ಕೌಂಟರಿಗೆ ಬಂದವರೆಲ್ಲ ನನ್ನ ಭುಜದ ಮೇಲಿಂದ ಹಿಂದಿನ ಖೋಲಿಯೊಳಗೆ ಇಣುಕುತ್ತಿದ್ದರು, ಅಲ್ಲಿ ನಾನು ಸಿಲಿಂಡರು ಬಚ್ಚಿಟ್ಟಿದ್ದೇನೆ ಎಂಬಂತೆ. ನಮ್ಮ ಬಿಲ್ಡಿಂಗಿನ ಸೆಕ್ರೆಟರಿ ಸಕ್ಕರೆ ಕೇಳುವ ನೆವದಲ್ಲಿ ಬಂದು ಅಡುಗೆಮನೆ ನೋಡಿಕೊಂಡು ಹೋದ. ನಾನು ಉರಿದುಬಿದ್ದೆ. ನನ್ನ ಹೆಂಡತಿ ಸುಮಿತ್ರಾ ನನ್ನ ಹಾಗೆ ಧಾರವಾಡದವಳು, ಮಾತಿಗೆ ಬೆಣ್ಣೆ ಹಚ್ಚುವವಳಲ್ಲ.

“ಮಂದಿಗೆ ನಿಮ್ಮ ಮ್ಯಾಲ ಸಂಶಯ ಬಂದರ ನಿಮಗ ಸಿಟ್ಟು ಬರ್ತದ,” ಎಂದಳು. “ನಿಮಗ ಮಂದಿ ಮ್ಯಾಲ ಬಂದರ ಅದಕ್ಕ ಡ್ಯೂಟಿ ಅಂತೀರಿ.”

ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎಂಬ ಗಾದೆ ನಮ್ಮಪ್ಪ ನನಗೆ ಬಿಟ್ಟುಹೋದ ಆಸ್ತಿ. ಅದನ್ನು ಹೇಳಿ ನಾನು ಅವಳ ಬಾಯಿ ಮುಚ್ಚಿಸಿದೆ. ಆ ಗಾದೆಯನ್ನು ಬಾಯಲ್ಲಿ ಮಾತ್ರ ಇಟ್ಟುಕೊಂಡಿದ್ದೆ ಎಂಬುದು ತಿಂಗಳೊಪ್ಪತ್ತಿನಲ್ಲಿ ಗೊತ್ತಾಯಿತು.

ನೀಲವ್ವ ಇಂಡಿ ತಾಲ್ಲೂಕಿನವಳು, ಮುಂಬಯಿಗೆ ಬಂದು ಮೂವತ್ತು ವರ್ಷವಾಗಿತ್ತು. ಚಾಳಿನ ಕೆಳಗಿನ ಎರಡು ಖೋಲಿಗಳಲ್ಲಿ ಖಾನಾವಳಿ. ಕಟ್ಟಡ ಕೆಲಸದವರು, ಫಿಲ್ಮ್ ಸಿಟಿಯಲ್ಲಿ ಸೆಟ್ಟು ಕಟ್ಟುವ ಬಡಿಗರು, ವಿಜಯಪುರ, ಬೆಳಗಾವಿ ಕಡೆಯ ಐವತ್ತು ಅರವತ್ತು ಜನ ಅಲ್ಲಿ ಎರಡು ಹೊತ್ತು ಉಣ್ಣುತ್ತಿದ್ದರು. ಏಜೆನ್ಸಿ ಹತ್ತಿರವೇ ಇದ್ದುದರಿಂದ ನನ್ನ ಮಧ್ಯಾಹ್ನದ ಊಟವೂ ಅಲ್ಲೇ. ಆಕೆ ನನ್ನನ್ನು ಅಣ್ಣಾರ ಎಂದು ಕರೆಯುತ್ತಿದ್ದಳು. ಸಿಲಿಂಡರಿಗೆ ಮುಂಬಯಿಯ ಮಂದಿಯ ಹಾಗೆ ‘ಬಾಟ್ಲಾ’ ಅನ್ನುತ್ತಿದ್ದಳು. ನೀಲವ್ವನಿಗೆ ನೀಲಿ ಬಾಟ್ಲಾ ಎಂದು ನಾವು ಏಜೆನ್ಸಿಯಲ್ಲಿ ನಗೆಯಾಡುತ್ತಿದ್ದೆವು.

ನೀಲಿ ಬಾಟ್ಲಾ ನಿಂತ ಮೇಲೆ ಆಕೆ ದಿನಾ ಕೌಂಟರಿಗೆ ಬಂದು ನಿಲ್ಲತೊಡಗಿದಳು. “ಒಂದs ಬಾಟ್ಲಾ ಕೊಡ್ರಿ ಅಣ್ಣಾರ. ಬಡಿಗ್ಯಾರು ವಡಾಪಾವ್ ತಿಂದು ಕೆಲಸಕ್ಕ ಹೊಂಟಾರು. ಇನ್ನ ನಾಕು ದಿನಾ ಹಿಂಗಾದರ ಊರಿಗೆ ಹೋಗತೀವಿ ಅಂತಾರು. ಅವರು ಹೋದರ ನಾ ಯಾರಿಗೆ ರೊಟ್ಟಿ ಬಡೀಲಿ?”

ಕರೆಂಟಿನ ಒಲೆ ತಂದು ನೋಡಿದಳು. ಜೋಳದ ರೊಟ್ಟಿ ಹಂಚಿನ ಮೇಲೆ ಅರ್ಧ ಬೆಂದು, ಆಮೇಲೆ ನೇರ ಉರಿಯ ಮೇಲೆ ಬಿದ್ದು ಉಬ್ಬಬೇಕು. ಉಬ್ಬಿದರೇ ಒಳಗೆ ಬೇಯುವುದು. ಕರೆಂಟಿನ ಒಲೆಯಲ್ಲಿ ಕಾವು ಇದೆ, ಉರಿ ಇಲ್ಲ. ತಳ ಉಬ್ಬಿದ ಆಕೆಯ ಹಂಚು ಅದರ ಮೇಲೆ ಕೂರಲೂ ಇಲ್ಲ. ಚಪ್ಪಟೆ ಹಂಚು ತಂದಳು, ರೊಟ್ಟಿಯೂ ಚಪ್ಪಟೆಯಾಗಿಯೇ ಉಳಿಯಿತು. ಒಬ್ಬ ಬಡಿಗ ಅದನ್ನು ಮುರಿದು ನೋಡಿ, “ಯವ್ವಾ, ಇದು ಪ್ಲೈವುಡ್ ಆಗೇತಿ,” ಎಂದ. ಎಲ್ಲರೂ ನಕ್ಕರು, ನೀಲವ್ವ ನಗಲಿಲ್ಲ. ಕಟ್ಟಿಗೆ ಒಲೆ ಹಚ್ಚಿದರೆ ಮೇಲಿನ ಮಾಳಿಗೆಯವರು ಹೊಗೆಯೆಂದು ಬೊಬ್ಬೆ ಹೊಡೆದರು. ಮುಂದಿನ ಕಾಲ ಕರೆಂಟಿನದು ಎಂದು ಪೇಪರಿನಲ್ಲಿ ಬರೆಯುವವರು ಬಂದು ಒಂದು ರೊಟ್ಟಿ ಬಡಿದು ತೋರಿಸಲಿ ಎಂದು ನನಗೆ ಆಗ ಅನಿಸಿದ್ದು ಈಗಲೂ ಹೋಗಿಲ್ಲ. ಆ ಕರೆಂಟಾದರೂ ಎಲ್ಲಿಯ ಕಲ್ಲಿದ್ದಲಿಂದ, ಯಾವ ರೈಲಿನಲ್ಲಿ ಬರುತ್ತದೋ, ಯಾರು ಕೇಳಿದ್ದಾರೆ?

ನನ್ನ ಮನಸ್ಸು ಕರಗಿತು. ಒಂದು ದಿನ ಹೇಗೋ ಎರಡು ನೀಲಿ ಸಿಲಿಂಡರು ಬಂದಾಗ ಸರದಿ ತಪ್ಪಿಸಿ ಒಂದನ್ನು ನೀಲವ್ವನ ಹೆಸರಿಗೆ ಹಾಕಿದೆ. ಇಪ್ಪತ್ತಾರು ವರ್ಷದಲ್ಲಿ ಅದೊಂದೇ ಸಲ. ಹಾಗೆ ಮಾಡಿದವನಿಗೆ ಒಳಗೊಳಗೇ ಒಂದು ಗರ್ವವೂ ಇರುತ್ತದೆ, ಹೆದರಿಕೆಯೂ ಇರುತ್ತದೆ.

ಅದಾಗಿ ವಾರಕ್ಕೆ, ಮಧ್ಯಾಹ್ನ ಊಟಕ್ಕೆ ಕೂತಿದ್ದೆ. ನೀಲವ್ವ ನನ್ನ ಕಡೆ ಬೆನ್ನು ಹಾಕಿ ಹಿಟ್ಟು ನಾದುತ್ತ, ಮೊಬೈಲನ್ನು ಕಿವಿಗೂ ಹೆಗಲಿಗೂ ನಡುವೆ ಸಿಕ್ಕಿಸಿಕೊಂಡು ಕಲ್ಯಾಣದಲ್ಲಿರುವ ತಂಗಿಯೊಡನೆ ಮಾತಾಡುತ್ತಿದ್ದಳು.

“ನನಗೇನ ಚಿಂತಿಲ್ಲ ಬಿಡವಾ. ನಾಕೂ ಟಾಕಿ ತುಂಬಿಸಿ ಮಾಳಾದ ಮ್ಯಾಲ ಇಟ್ಟೀನಿ. ನೀ ಯಾರ ಮುಂದೂ ಹೇಳಬ್ಯಾಡ ಮತ್ತ, ಮಂದಿ ಬಂದು ಬಾಗಲಕ್ಕ ನಿಂದರತಾರು.”

ಬಾಯಿಗೆ ಹೋಗುತ್ತಿದ್ದ ತುತ್ತು ನಿಂತಿತು. ಧಾರವಾಡದ ನಮ್ಮ ಮನೆಯಲ್ಲಿ ಟಾಕಿ ಎಂದರೆ ಗ್ಯಾಸಿನ ಸಿಲಿಂಡರೇ. ನೀರಿಗೆ ಹೌದ ಇತ್ತು, ಬ್ಯಾರಲ್ ಇತ್ತು. ಕೌಂಟರಿಗೆ ಬರುವ ಮರಾಠಿ ಹೆಂಗಸರೂ ಗ್ಯಾಸಿನ ಟಾಕಿ ಬಂತೇ ಎಂದೇ ದಿನಾ ಕೇಳುತ್ತಿದ್ದರು. ನಾಲ್ಕು ತುಂಬಿದ ಸಿಲಿಂಡರು ಅಟ್ಟದ ಮೇಲೆ ಇಟ್ಟುಕೊಂಡು ಈಕೆ ನನ್ನ ಮುಂದೆ ಬಂದು ಸೆರಗೊಡ್ಡಿದಳಲ್ಲ ಎಂದು ಮೈ ಉರಿಯಿತು. ಆಕೆಯ ಹೆಸರು ಹಾಕಿದ್ದಕ್ಕೆ ಸರದಿ ಕಳೆದುಕೊಂಡ ಮುದುಕನೊಬ್ಬನ ಪೋಹೆ-ಅವಲಕ್ಕಿಯ ಅಂಗಡಿ ಆ ವಾರವೇ ಮುಚ್ಚಿತ್ತು. ಅವನ ಮುಖ ಕಣ್ಣ ಮುಂದೆ ಬಂತು. ತಲೆ ಮೇಲೆತ್ತಿ ನೋಡಿದೆ. ಮಾಳಾಕ್ಕೆ ಪರದೆ ಎಳೆದಿತ್ತು, ನಿಚ್ಚಣಿಕೆ ಗೋಡೆಗೆ ಆನಿಸಿತ್ತು. ಕೈ ತೊಳೆದು ಎದ್ದುಬಂದೆ.

ಆ ದಿನಗಳಲ್ಲಿ ಸಿಲಿಂಡರು ಬಚ್ಚಿಟ್ಟವರನ್ನು ಹಿಡಿಯಲು ಒಬ್ಬ ಇನ್‌ಸ್ಪೆಕ್ಟರು ಏಜೆನ್ಸಿಗಳಿಗೆ ಸುತ್ತು ಬರುತ್ತಿದ್ದರು. ಮರುದಿನ ಬಂದು ಚಹಾ ಕುಡಿಯುತ್ತ, ನಿಮ್ಮ ಗಮನಕ್ಕೆ ಯಾರಾದರೂ ಬಂದಿದ್ದಾರೆಯೇ ಎಂದು ವಾಡಿಕೆಯಂತೆ ಕೇಳಿದರು. ನಾನು ನೀಲವ್ವನ ಹೆಸರು ಹೇಳಿದೆ.

ರಿಜಿಸ್ಟರು ಹಿಡಿದುಕೊಂಡು ಜೊತೆಗೆ ಬನ್ನಿ ಎಂದರು. ಹೋದೆ. ನೀಲವ್ವ ನನ್ನನ್ನು ಕಂಡು ಧೈರ್ಯ ತಂದುಕೊಂಡಳು, ಅದು ನನಗೆ ಕಾಣುವಂತೆಯೇ ಇತ್ತು. ಇನ್‌ಸ್ಪೆಕ್ಟರ ಜೊತೆಗಿದ್ದವನು ನಿಚ್ಚಣಿಕೆ ಹತ್ತಿ ಪರದೆ ಸರಿಸಿದ. ಮಾಳಾದ ಮೇಲೆ ಸಾಲಾಗಿ ನಾಲ್ಕು ಪ್ಲಾಸ್ಟಿಕ್ಕಿನ ನೀರಿನ ಟಾಕಿ. ಆ ತಿಂಗಳು ಮುಂಬಯಿಯಲ್ಲಿ ನೀರಿನ ಕಡಿತವೂ ನಡೆದಿತ್ತು, ಬೆಳಗಿನ ಅರ್ಧ ತಾಸು ಮಾತ್ರ ನಳ ಬರುತ್ತಿತ್ತು. ಅವನು ಒಂದರ ಮುಚ್ಚಳ ತೆಗೆದು ಕೈ ಅದ್ದಿ, ತೋಯ್ದ ಬೆರಳನ್ನು ನಮಗೆ ತೋರಿಸಿದ. ಸಿಲಿಂಡರಿಗೆ ಬಾಟ್ಲಾ ಎನ್ನುವ ಹೆಂಗಸು ಅದಕ್ಕೆ ಯಾವತ್ತೂ ಟಾಕಿ ಅಂದದ್ದೇ ಇಲ್ಲವಲ್ಲ ಎಂದು ನನಗೆ ಹೊಳೆದದ್ದು ಆಗ.

ಅಷ್ಟಕ್ಕೇ ಮುಗಿದಿದ್ದರೆ ನಾನೊಬ್ಬ ಮೂರ್ಖನಾಗಿ ಮನೆಗೆ ಹೋಗುತ್ತಿದ್ದೆ. ಬಂದವರು ಬರಿಗೈಯಲ್ಲಿ ಹೋಗುವುದಿಲ್ಲ. ಹಿಂದಿನ ಖೋಲಿಯ ಜೋಳದ ಚೀಲಗಳನ್ನು ಸರಿಸಿದರು. ಅಲ್ಲಿ ಒಂಬತ್ತು ಕೆಂಪು ಸಿಲಿಂಡರು ಇದ್ದವು. ಒಂದೊಂದರ ಕೊರಳಿಗೂ ಒಂದೊಂದು ಬಣ್ಣದ ಅರಿವೆಯ ಚೂರು ಕಟ್ಟಿತ್ತು. ಮನೆಯ ಕೆಂಪು ಸಿಲಿಂಡರನ್ನು ಖಾನಾವಳಿಯಲ್ಲಿ ಉರಿಸುವುದು ಅಪರಾಧ, ಅದನ್ನು ನನಗಿಂತ ಚೆನ್ನಾಗಿ ಬಲ್ಲವರು ಯಾರು?

“ಇವು ನನ್ನವಲ್ರಿ ಅಣ್ಣಾರ,” ನೀಲವ್ವ ನನ್ನ ಕಡೆ ತಿರುಗಿದಳು. “ಚಾಳಿನ ಒಂಬತ್ತು ಮನಿಯವರು ತಮ್ತಮ್ಮ ಬಾಟ್ಲಾ ತಂದು ಇಟ್ಟಾರು. ಮನಿಗೊಂದು ಒಲಿ ಹಚ್ಚಿ ಎಲ್ಲಾರೂ ಕಳಕೊಳ್ಳೋದ್ಯಾಕಂತ ಎಲ್ಲಾ ಸೇರಿ ಒಂದs ಒಲಿ ಹಚ್ಚೀವಿ. ಅವರ ಹೆಂಡ್ರೂ ಮಕ್ಕಳೂ ಇಲ್ಲೇ ಉಣತಾರು. ಮುಯ್ಯಿ ಐತ್ರಿ ಇದು. ನೀವರ ಇವರಿಗೆ ತಿಳಿಸಿ ಹೇಳ್ರಿ.”

ಒಬ್ಬರ ಹೊಲಕ್ಕೆ ಇನ್ನೊಬ್ಬರು ಹೋಗಿ ದುಡಿದು, ಅವರು ತಿರುಗಿ ಬಂದು ದುಡಿಯುವ ಮುಯ್ಯಿಯನ್ನು ಈಕೆ ಗ್ಯಾಸಿಗೆ ತಂದು ಹಚ್ಚಿದ್ದಳು. ಸರಕಾರಕ್ಕೂ ಹಡಗಿನವರಿಗೂ ಹೊಳೆಯದ ಉಪಾಯ ಅದು. ಎಲ್ಲರೂ ಎಲ್ಲರನ್ನೂ ಸಂಶಯಿಸುತ್ತಿದ್ದ ಆ ಬೇಸಿಗೆಯಲ್ಲಿ ಒಂಬತ್ತು ಮನೆಯವರು ಸರಪಳಿ ಬಿಚ್ಚಿ ತಮ್ಮ ಸಿಲಿಂಡರನ್ನು ಇನ್ನೊಬ್ಬಳ ಮನೆಯಲ್ಲಿ ಇಡಿಸಿದ್ದರು. ಅದನ್ನು ಮರಾಠಿಯಲ್ಲಿ ಹೇಳಲು ನನಗೆ ಶಬ್ದ ಸಿಗಲಿಲ್ಲ. “ಲೋಕಾಂಚೆ ಆಹೇತ,” ಎಂದೆ, ಜನರವು ಎಂದು. ಇನ್‌ಸ್ಪೆಕ್ಟರು ತಲೆಯಾಡಿಸಿ, ಬೇರೆಯವರ ಮನೆಯ ಸಿಲಿಂಡರು ಎಂದು ಅಪರಾಧದ ಲೆಕ್ಕಕ್ಕೇ ಅದನ್ನು ಬರೆದುಕೊಂಡರು. ಒಂಬತ್ತೂ ಟೆಂಪೋ ಹತ್ತಿದವು, ಖಾನಾವಳಿಯ ಬಾಗಿಲಿಗೆ ಸೀಲು ಬಿತ್ತು.

ಒಂಬತ್ತು ಮನೆಗಳಲ್ಲಿ ಅವತ್ತಿಂದ ಒಲೆ ಇಲ್ಲ. ಬಡಿಗರಲ್ಲಿ ಅರ್ಧ ಜನ ಆ ವಾರ ಊರಿನ ಬಸ್ಸು ಹತ್ತಿದರು. ಚಾಳಿನವರು ಸುಮ್ಮನಿರುತ್ತಾರೆಯೇ, ಯಾರು ಹೇಳಿರಬಹುದು ಎಂಬ ಮಾತು ಎದ್ದಿತು. ನಮ್ಮ ಏಜೆನ್ಸಿಯ ಡಿಲಿವರಿಯವನು ಸಿದ್ರಾಮ, ನೀಲವ್ವನ ಊರ ಕಡೆಯವನೇ, ನಡುವಯಸ್ಸಿನವನು. ಒಂಬತ್ತು ಮನೆಗಳಿಂದ ಕೆಂಪು ಸಿಲಿಂಡರನ್ನು ಖಾನಾವಳಿಗೆ ಹೊತ್ತು ತಂದಿಟ್ಟವನು ಅವನು. ಚೀಲದ ಹಿಂದೆ ಏನಿದೆ ಎಂಬುದು ಹೊರಗಿನವರಲ್ಲಿ ಅವನೊಬ್ಬನಿಗೇ ಗೊತ್ತು. ಲೆಕ್ಕ ಸರಿಯಾಗಿ ಕೂತಿತು. ಅಂಥ ಲೆಕ್ಕ ಬಹಳ ಸರಿಯಾಗಿ ಕೂತಾಗಲೇ ಮನುಷ್ಯ ಹುಷಾರಾಗಬೇಕು ಎಂದು ಈಗ ಅನ್ನುತ್ತೇನೆ.

ಸಂಜೆ ಚಾಳಿನ ನಳದ ಹತ್ತಿರ ಎಲ್ಲರ ಮುಂದೆ ನೀಲವ್ವ ಅವನನ್ನು ನಿಲ್ಲಿಸಿಕೊಂಡಳು. “ನನ್ನ ತಾಟಿನ್ಯಾಗ ಉಂಡ ಬಾಯಿಲೆ ಹೇಳಿ ಬಂದಿ. ಇನ್ನ ನನ್ನ ಹೊಸ್ತಿಲಾ ತುಳೀಬ್ಯಾಡ.”

“ರೇವಣಸಿದ್ಧನ ಆಣಿ ಐತಿ ಯವ್ವಾ, ನಾ ಹೇಳಿಲ್ಲ,” ಎಂದ ಸಿದ್ರಾಮ. ಅವನ ದನಿ ನಡುಗುತ್ತಿತ್ತು. ಅದನ್ನೂ ಕೆಲವರು ಕಳ್ಳನ ನಡುಕ ಎಂದರು.

ನಾನು ಅಲ್ಲಿಯೇ ಇದ್ದೆ. ಬಾಯಿ ಬಿಡಲಿಲ್ಲ. ಆಮೇಲೆ ಏಜೆನ್ಸಿಯ ಮಾಲೀಕ, ಹಿಡಿದ ಸಿಲಿಂಡರೆಲ್ಲ ಸಿದ್ರಾಮ ಸಾಗಿಸಿದ್ದೇ ಎಂದು ಅವನನ್ನು ಕೆಲಸದಿಂದ ತೆಗೆದ. ಆಗಲೂ ಬಿಡಲಿಲ್ಲ. ಹೇಳಿದರೆ ನೀಲವ್ವನಿಗೆ ಸರದಿ ತಪ್ಪಿಸಿ ಕೊಟ್ಟದ್ದೂ ಹೊರಗೆ ಬರುತ್ತಿತ್ತು, ನಿವೃತ್ತಿಗೆ ಒಂದೇ ವರ್ಷ ಉಳಿದಿತ್ತು. ಹೇಡಿತನಕ್ಕೆ ಬೇರೆ ಹೆಸರು ಹುಡುಕುವುದಿಲ್ಲ. ಸುಮಿತ್ರಾಗೂ ಹೇಳಲಿಲ್ಲ. ಮಳೆ ಹಿಡಿಯುವ ಹೊತ್ತಿಗೆ ಹಡಗುಗಳು ಹೊರಟವು, ಲಾರಿ ಎರಡು ಬರತೊಡಗಿದವು, ಖಾನಾವಳಿಯ ಸೀಲೂ ತೆಗೆದರು, ಜನ ಸರಪಳಿ ತೆಗೆದು ಎಲ್ಲ ಮರೆತರು. ನಾನು ಮಾತ್ರ ಊಟಕ್ಕೆ ಡಬ್ಬಿ ತರತೊಡಗಿದೆ.

ಹೋದ ವಾರ ಆ ಗುಂಡಿಯ ಬಳಿ ನಿಂತಿದ್ದಾಗ ಯಾರೋ “ಅಣ್ಣಾರ” ಎಂದರು. ಸಿದ್ರಾಮ. ಖಾನಾವಳಿಯ ಎದುರಿನ ಗಾಡಿಯ ಹತ್ತಿರ ವಡಾಪಾವ್ ಹಿಡಿದು ನಿಂತಿದ್ದ. ಪಕ್ಕದಲ್ಲಿ ಬ್ಯಾಟರಿ ಸ್ಕೂಟರು, ಹಿಂದೆ ಪಾರ್ಸಲ್ ಪೆಟ್ಟಿಗೆ.

“ಇದಕ್ಕ ಪೆಟ್ರೋಲ್ ಬ್ಯಾಡ, ಗ್ಯಾಸ್ ಬ್ಯಾಡ,” ಎಂದು ಸೀಟು ತಟ್ಟಿದ. “ಆದರ ಇದನ್ನೂ ದಿನಾ ಯಾರೋ ತುಂಬಸಬೇಕಲ್ರಿ. ಚಾರ್ಜಿಂಗಿಗೆ ಸಾಲು ಹಚ್ಚಿ ನಿಂದರೂದು ತಪ್ಪಿಲ್ಲ.”

“ಒಳಗ ಹೋಗಿ ಉಣ್ಣಬಾರದೇನೋ?” ಎಂದೆ, ಗೊತ್ತಿದ್ದೂ.

ಅವನು ಖಾನಾವಳಿಯ ಬಾಗಿಲು ನೋಡಿದ. “ರೊಟ್ಟಿ ವಾಸನಿ ಇಲ್ಲಿತನಾ ಬರತೈತ್ರಿ. ಅಷ್ಟ ಸಾಕು.”

ನಾನು ಒಳಗೆ ಹೋದೆ. ನೀಲವ್ವ ಹಿಗ್ಗಿ ತಾಟು ಹಾಕಿದಳು. ಈಗ ಆಕೆಗೆ ಪೈಪ್ ಗ್ಯಾಸು, ಬಾಟ್ಲಾದ ಗೊಡವೆ ಇಲ್ಲ. ಆ ಪೈಪಿನ ಇನ್ನೊಂದು ತುದಿ ಎಲ್ಲಿದೆ ಎಂದು ಕೇಳುವ ನನ್ನ ಚಟವನ್ನು ನುಂಗಿಕೊಂಡೆ. ರೊಟ್ಟಿ ಉರಿಯ ಮೇಲೆ ಉಬ್ಬಿತು, ತಾಟಿಗೆ ಬಂತು, ಮೇಲೆ ಎಣ್ಣೆಗಾಯಿ ಬಿತ್ತು. ಕೂಡಿ ಉಣ್ಣುತ್ತಿದ್ದ ಒಂಬತ್ತು ಮನೆಗಳ ಸುದ್ದಿ ಕೇಳಿದೆ. ಈಗ ಎಲ್ಲರ ಒಲೆ ಬ್ಯಾರೆ ಬ್ಯಾರೆ ಎಂದಳು. ಮುಯ್ಯಿ ಎಂದರೆ ಒಬ್ಬರೂ ಬಾಟ್ಲಾ ತರಲಿಕ್ಕಿಲ್ಲ ಎಂದಳು.

“ಅವ ಹೊರಗ ನಿಂತಾನ ನೋಡ್ರಿ, ಸಿದ್ರಾಮ,” ಎಂದು ದನಿ ತಗ್ಗಿಸಿದಳು. “ದಿನಾ ಬಂದು ನಿಂದರತಾನು. ಅವನs ಹೇಳಿರತಾನು ಅಂತ ಮಂದಿ ಅಂದರು, ನಾನೂ ಅಂದೆ. ಆದರ ತಪ್ಪು ಮಾಡಿದವ ದಿನಾ ಅದs ಬಾಗಲಾ ನೋಡಕೋತ ನಿಂದರತಾನೇನ್ರಿ? ನೀವು ಮಂದೀನ ಹೊಕ್ಕು ನೋಡವರು, ನಿಮ್ಮ ಕಣ್ಣು ಯಾರೂ ತಪ್ಪಸಾಂಗಿಲ್ಲ. ನೀವ ಹೇಳ್ರಿ, ಯಾರ ಹೇಳಿದ್ದು?”

ಇಡೀ ಗೋರೆಗಾಂವಿನಲ್ಲಿ ಆಕೆ ಸಂಶಯಪಡದೆ ಉಳಿಸಿದ್ದು ನನ್ನೊಬ್ಬನನ್ನು. ಕೈಯಲ್ಲಿದ್ದ ತುತ್ತನ್ನು ತಾಟಿಗೆ ಇಟ್ಟೆ.

“ನಾನs ಹೇಳಿದ್ದು,” ಎಂದೆ. “ನೀವು ತಂಗಿ ಕೂಡ ಫೋನಿನ್ಯಾಗ ನಾಕು ಟಾಕಿ ಅಂದ್ರಿ. ನಾ ಗ್ಯಾಸಿಂದು ಅನ್ಕೊಂಡೆ.”

ನೀಲವ್ವ ಮೊದಲು ಒಲೆಯ ಕಿವಿ ತಿರುವಿದಳು. ಉರಿಯ ಮೇಲಿದ್ದ ರೊಟ್ಟಿ ಉಬ್ಬಿದ್ದು ಇಳಿಯಿತು. ತಲೆಯೆತ್ತಿ ಮಾಳಾದ ಕಡೆ ನೋಡಿದಳು. ಬಯ್ಯಲಿ ಎಂದು ನಾನು ಕಾದೆ.

“ನಿಚ್ಚಣಿಕಿ ಅಲ್ಲೇ ಇತ್ತಲ್ರಿ,” ಎಂದಳು. “ಹತ್ತಿ ನೋಡಬೇಕಿಲ್ಲೇನ್ರಿ?”

ಏಳಲು ಹೋದೆ.

“ತಾಟಿನ್ಯಾಗ ಬಿಡಬ್ಯಾಡ್ರಿ, ಮುಗಸ್ರಿ. ಮುಗಿಸಿ ಹೋಗಿ ಅವನ್ನ ಒಳಗ ಕಳಸ್ರಿ. ಅವ ಉಂಡು ಏಳೋತನಾ ನೀವು ಹೊರಗ ನಿಂದರ್ರಿ.”

ಮುಗಿಸಿದೆ. ಆ ಊಟ ಹೇಗೆ ಇಳಿಯಿತೆಂದು ಹೇಳಲಾರೆ. ಹೊರಗೆ ಬಂದು ಸಿದ್ರಾಮನಿಗೆ, ನೀಲವ್ವ ಊಟಕ್ಕೆ ಕರೆಯುತ್ತಿದ್ದಾಳೆ, ಹೇಳಿದವನು ನೀನಲ್ಲ ನಾನು ಎಂದು ಹೇಳಿದ್ದೇನೆ ಎಂದೆ. ಅವನು ಅರ್ಧ ತಿಂದ ವಡಾಪಾವನ್ನು ಕಾಗದದಲ್ಲಿ ಮಡಚಿ ಜೇಬಿಗೆ ಹಾಕಿಕೊಂಡ. ಸ್ಕೂಟರಿಗೆ ಕೀಲಿ ಹಾಕಿ ಹೊಸ್ತಿಲವರೆಗೆ ಹೋದವನು ಅಲ್ಲೇ ನಿಂತು, ತಿರುಗಿ ನನ್ನ ಮುಖವನ್ನೇ ನೋಡಿದ.

“ಖರೇನ ಕರದಾಳೇನ್ರಿ?” ಎಂದು ಕೇಳಿದ.